ಟಿಡಿಪಿ-43 ಪ್ರೋಟೀನ್ ಹದ ತಪ್ಪಿದರೆ ನರಕೋಶ ಯಾಕೆ ಸಾಯುತ್ತದೆ?

ನೇರವಾಗಿ ಹೇಳುವುದಾದರೆ, ಟಿಡಿಪಿ-43 ಆರ್‌ಎನ್‌ಎಗೆ, ಅಂದರೆ ಪ್ರೋಟೀನ್ ತಯಾರಿಸಲು ಜೀನ್‌ನಿಂದ ಬರುವ ಸಂದೇಶಕ್ಕೆ, ಕಾವಲು ಕಾಯುವ ಪ್ರೋಟೀನ್. ಅದು ಜಾಗ ಬಿಟ್ಟು ಹೋದರೆ ನರಕೋಶಕ್ಕೆ ಬೇಕಾದ ಬೇರೆ ಪ್ರೋಟೀನ್‌ಗಳು ಸರಿಯಾಗಿ ತಯಾರಾಗುವುದಿಲ್ಲ.

ಜೀನ್‌ನಿಂದ ನಕಲಾದ ಆರ್‌ಎನ್‌ಎಯಲ್ಲಿ ಬೇಕಾದ ತುಂಡುಗಳ ನಡುವೆ ಬೇಡದವೂ ಇರುತ್ತವೆ. ಬೇಡದ್ದನ್ನು ಕತ್ತರಿಸಿ ಉಳಿದದ್ದನ್ನು ಜೋಡಿಸುವ ಕೆಲಸಕ್ಕೆ ಸ್ಪ್ಲೈಸಿಂಗ್ ಎನ್ನುತ್ತಾರೆ. ತೊಂದರೆ ಏನೆಂದರೆ, ಬೇಡದ ಕೆಲವು ತುಂಡುಗಳು ನೋಡೋಕೆ ಥೇಟ್ ಬೇಕಾದವುಗಳ ಹಾಗೇ ಇರುತ್ತವೆ. ಟಿಡಿಪಿ-43 ಕೋಶದ ನ್ಯೂಕ್ಲಿಯಸ್‌ನಲ್ಲಿದ್ದು, ಇಂಥ ಕಳ್ಳ ತುಂಡುಗಳ ಬಳಿ ಅಂಟಿಕೊಂಡು ಅವು ಒಳಗೆ ಸೇರದಂತೆ ತಡೆಯುತ್ತದೆ.

ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುವ ಕಾಯಿಲೆಗೆ ಎಎಲ್‌ಎಸ್ ಎಂದು ಹೆಸರು. ಸ್ಟೀಫನ್ ಹಾಕಿಂಗ್ ಅವರಿಗಿದ್ದದ್ದು ಇದೇ. ಇದರಲ್ಲಿ ಟಿಡಿಪಿ-43 ನ್ಯೂಕ್ಲಿಯಸ್‌ನಿಂದ ಹೊರಗೆ ಬಂದು ಗಂಟುಕಟ್ಟಿಕೊಳ್ಳುತ್ತದೆ. ಈ ಗಂಟುಗಳಲ್ಲಿರುವುದು ಟಿಡಿಪಿ-43 ಎಂದು ಗೊತ್ತಾಗಿದ್ದು 2006ರಲ್ಲಿ. ಈಗಿನ ಲೆಕ್ಕದಲ್ಲಿ ನೂರಕ್ಕೆ ಸುಮಾರು 97 ಎಎಲ್‌ಎಸ್ ರೋಗಿಗಳಲ್ಲಿ ಅವು ಕಾಣುತ್ತವೆ. ಆದರೆ ಟಿಡಿಪಿ-43 ಜೀನ್‌ನಲ್ಲೇ ದೋಷ ಇರುವವರು ಬಹಳ ಕಡಿಮೆ. ವಿಚಿತ್ರ ಅಲ್ವಾ? ಜೀನ್ ಸರಿಯಿದ್ದರೂ ಪ್ರೋಟೀನ್ ದಾರಿ ತಪ್ಪಬಹುದು.

ಕಾವಲು ತಪ್ಪಿದಾಗ ಆಗುವ ಹಾನಿಗೆ ಒಳ್ಳೆಯ ಉದಾಹರಣೆ ಸ್ಟ್ಯಾತ್ಮಿನ್-2. ನರದ ಉದ್ದನೆಯ ಎಳೆ ಬೆಳೆಯಲು, ಪೆಟ್ಟಾದರೆ ಮತ್ತೆ ಚಿಗುರಲು ಈ ಪ್ರೋಟೀನ್ ಬೇಕು. ಅದರ ಆರ್‌ಎನ್‌ಎಗೆ ಕಳ್ಳ ತುಂಡೊಂದು ಸೇರಿಬಿಟ್ಟರೆ ಸಂದೇಶ ಅರ್ಧಕ್ಕೇ ನಿಂತುಹೋಗುತ್ತದೆ, ಪ್ರೋಟೀನ್ ತಯಾರಾಗುವುದಿಲ್ಲ.

ನಡವಳಿಕೆ ಮತ್ತು ಮಾತು ಕೆಡಿಸುವ ಫ್ರಂಟೊಟೆಂಪೊರಲ್ ಡಿಮೆನ್ಷಿಯಾದ ಸುಮಾರು ಅರ್ಧ ರೋಗಿಗಳಲ್ಲೂ ಇವೇ ಗಂಟುಗಳಿರುತ್ತವೆ. ಹಾಗಂತ ಗಂಟು ಕರಗಿಸಿದರೆ ಸಾಕು ಅನ್ನುವ ಹಾಗಿಲ್ಲ. ನ್ಯೂಕ್ಲಿಯಸ್‌ನಲ್ಲಿ ಖಾಲಿಯಾದ ಕಾವಲು ಮತ್ತೆ ತುಂಬಬೇಕು.