ಪಾಪು ಎದೆಗೆ ಸ್ಕ್ಯಾನ್ ಮಾಡಿದ್ರೆ ಶ್ವಾಸಕೋಶಕ್ಕೆ ಪೆಟ್ಟಾಗುತ್ತಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ, ನಮ್ದು ಮೂಡಿಗೆರೆ ಹತ್ರ ಒಂದು ಹಳ್ಳಿ. ಮಗಳಿಗೆ ಎಂಟು ತಿಂಗಳಿಗೇ ಹೆರಿಗೆ ಆಗಿ ಪಾಪು ಉಸಿರಾಡೋಕೆ ಒದ್ದಾಡ್ತಿತ್ತು, ಹಾಸನದಲ್ಲಿ ಐಸಿಯುನಲ್ಲಿ ಇಟ್ಟು ಎದೆ ಮೇಲೆ ಆಗಾಗ ಅಲ್ಟ್ರಾಸೌಂಡ್ ಮಾಡಿದ್ರು. ಈಗ ಮನೇಲಿದೆ, ಹಾಲು ಚೆನ್ನಾಗೇ ಕುಡೀತಿದೆ. ಆದ್ರೆ ನನ್ನ ತಮ್ಮನ ಮಗ ಯೂಟ್ಯೂಬ್‌ನಲ್ಲಿ ನೋಡಿ, ಅಲ್ಟ್ರಾಸೌಂಡಿಂದ ಇಲಿಗಳ ಶ್ವಾಸಕೋಶದಲ್ಲಿ ರಕ್ತ ಸೋರಿದೆಯಂತೆ ಅಂದ, ಅವತ್ತಿಂದ ಮಗಳಿಗೆ ನಿದ್ದೆ ಇಲ್ಲ. ಹಂಗೇನಾದ್ರೂ ಆಗಿದ್ರೆ ವಾಸಿ ಆಗುತ್ತಾ?

ಉತ್ತರ: ಹುಡುಗ ಹೇಳಿದ್ದು ಸುಳ್ಳಲ್ಲಮ್ಮ, ಆದ್ರೆ ಅರ್ಧ ಮಾತ್ರ ಹೇಳಿದಾನೆ. 1990ರಿಂದೀಚೆಗೆ ಇಲಿ, ಮೊಲ, ಹಂದಿಗಳ ಮೇಲೆ ಪ್ರಯೋಗ ಮಾಡಿದಾಗ, ಜೋರು ಅಲೆಗಳನ್ನ ಒಂದೇ ಜಾಗಕ್ಕೆ ಬಿಟ್ರೆ ಶ್ವಾಸಕೋಶದ ಹೊರಮೈ ಹತ್ರ ಸಣ್ಣ ರಕ್ತನಾಳ ಒಡೆದು ಗಾಳಿಚೀಲಗಳಿಗೆ ರಕ್ತ ಸೋರಿದ್ದು ನಿಜ. ಇದು ಶಾಖದಿಂದ ಆಗೋ ಗಾಯ ಅಲ್ಲ, ಅಲೆಯ ಒತ್ತಡ ಗಾಳಿ ತುಂಬಿದ ಜಾಗಕ್ಕೆ ಬಡಿಯೋದ್ರಿಂದ ಆಗೋದು. ಮನುಷ್ಯರಲ್ಲಿ ಹೀಗಾಗುತ್ತಾ ಅಂತಾನೂ ನೋಡಿದಾರೆ. ಹೃದಯದ ಆಪರೇಷನ್‌ನಲ್ಲಿ ಅನ್ನನಾಳದೊಳಗಿಂದ ಸ್ಕ್ಯಾನ್ ಮಾಡಿ, ಎದೆ ತೆರೆದಿದ್ದಾಗ್ಲೇ ಶ್ವಾಸಕೋಶ ಪರೀಕ್ಷಿಸಿ 1998ರಲ್ಲಿ ವರದಿ ಬಂತು, ರಕ್ತಸ್ರಾವ ಕಾಣಲಿಲ್ಲ. ಆದ್ರೂ ಶಿಶುಗಳ ವಿಷಯದಲ್ಲಿ ಎಚ್ಚರ ಇದ್ದೇ ಇದೆ: ಮಷೀನ್ ಸ್ಕ್ರೀನ್ ಮೇಲೆ ಎಂಐ (ಮೆಕ್ಯಾನಿಕಲ್ ಇಂಡೆಕ್ಸ್, ಅಲೆಯ ಒತ್ತಡದಿಂದ ಪೆಟ್ಟಾಗೋ ಸಾಧ್ಯತೆ ಎಷ್ಟು ಅಂತ ತೋರಿಸೋ ಅಳತೆ) ಅಂತ ಒಂದು ಅಂಕಿ ಬರುತ್ತೆ, ಅಮೆರಿಕದಲ್ಲಿ ಅದಕ್ಕೆ ಮಿತಿ 1.9, ಬ್ರಿಟನ್ನಿನ ಮಾರ್ಗಸೂಚಿ ನವಜಾತ ಶಿಶುವಿಗೆ 0.3 ದಾಟಿದ್ರೆ ಸ್ಕ್ಯಾನ್ ಬೇಗ ಮುಗಿಸಿ ಅನ್ನುತ್ತೆ. ಅಲ್ಲದೆ ಸ್ಕ್ಯಾನ್ ಬದಲು ಪದೇ ಪದೇ ಎಕ್ಸ್‌ರೇ ತೆಗೀಬೇಕಾಗಿದ್ರೆ ಆ ವಿಕಿರಣ ಪುಟ್ಟ ಮೈಗೆ ಬೀಳ್ತಿತ್ತು.

ಈಗ ವಾಸಿ ಆಗೋ ಮಾತಿಗೆ ಬರೋಣ, ಮಗಳಿಗೆ ಇದನ್ನ ಓದಿ ಹೇಳಿ. ಸೋರಿದ ರಕ್ತನ ಗಾಳಿಚೀಲದೊಳಗಿನ ಕಾವಲು ಕೋಶಗಳು ನುಂಗಿ ಜೀರ್ಣಿಸ್ಕೊಳ್ತವೆ, ಕಬ್ಬಿಣದ ಅಂಶ ಅವುಗಳೊಳಗೆ ಕಂದು ಬಣ್ಣದಲ್ಲಿ ಸ್ವಲ್ಪ ದಿನ ಉಳಿದು ಆಮೇಲೆ ಕರಗುತ್ತೆ, ಏಟು ಬಿದ್ದ ಚರ್ಮ ಕಪ್ಪಾಗಿ ಹಳದಿ ತಿರುಗಿ ಮಾಯವಾಗೋ ಹಂಗೆ. ಇನ್ನು ಗಾಳಿಚೀಲದ ತೆಳು ಗೋಡೆ ಕಥೆ. ಅಲ್ಲೇ ಮೂಲೆಗಳಲ್ಲಿ ಟೈಪ್ ಎರಡು ಅನ್ನೋ ಕೋಶಗಳಿರ್ತವೆ, ಚೀಲ ಮುದುಡದ ಹಾಗೆ ನೋಡ್ಕೊಳ್ಳೋ ಜಾರು ದ್ರವ ಮಾಡೋವೂ ಅವೇ, ಗೋಡೆ ಹಾಳಾದ್ರೆ ಅವೇ ಹೆಚ್ಚಾಗಿ ಹರಡ್ಕೊಂಡು ಚಪ್ಪಟೆ ಕೋಶಗಳಾಗಿ ಬದಲಾಗಿ ಜಾಗ ಮುಚ್ಚುತ್ತವೆ. ಕೆಳಗಿನ ಆಧಾರ ಪೊರೆ ಹರಿದಿಲ್ಲ ಅಂದ್ರೆ ಕಲೆನೇ ಉಳಿಯಲ್ಲ, ಹರಿದಿದ್ರೆ ಮಾತ್ರ ಅಲ್ಲಿ ನಾರು ಕಟ್ಟಿ ಆ ಚೂರು ಜಾಗ ಗಟ್ಟಿಯಾಗುತ್ತೆ. ಜೊತೆಗೆ ಮಕ್ಕಳಲ್ಲಿ ಹುಟ್ಟಿದ ಮೇಲೂ ಹೊಸ ಗಾಳಿಚೀಲ ಬೆಳೀತಾನೇ ಇರ್ತವೆ, ಇದು ದೊಡ್ಡವರಿಗಿಲ್ಲದ ಅನುಕೂಲ.

ನಿಜವಾಗ್ಲೂ ನನಗೆ ಚಿಂತೆ ಇರೋದು ಹೊಗೆದು. ನಮ್ಮ ಕಡೆ ಎಣ್ಣೆ ನೀರು ಹಾಕಿದ ಮೇಲೆ ಪಾಪುಗೆ ಸಾಂಬ್ರಾಣಿ ಹೊಗೆ ಹಿಡಿಯೋದು, ಬಚ್ಚಲಲ್ಲಿ ಹಂಡೆ ಒಲೆ ಉರೀತಿರುವಾಗ್ಲೇ ಸ್ನಾನ ಮಾಡಿಸೋದು, ಮಳೆಗಾಲದಲ್ಲಿ ಕಿಟಕಿ ಬೇರೆ ಮುಚ್ಚಿರುತ್ತೆ. ಅವಧಿಗೆ ಮುಂಚೆ ಹುಟ್ಟಿದ ಶ್ವಾಸಕೋಶಕ್ಕೆ ಇದು ಸುತರಾಂ ಬೇಡ, ಅಜ್ಜಿಯಾಗಿ ನೀವೇ ನಿಲ್ಲಿಸ್ಬಿಡಿ. ಬೀಡಿ ಸಿಗರೇಟು ಸೇದೋರ ಕೈಗೂ ಕೊಡ್ಬೇಡಿ. ಪಾಪು ಅಳದೆ ಸುಮ್ನಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ, 60 ಅಥವಾ ಜಾಸ್ತಿ ಇದ್ರೆ, ಪಕ್ಕೆ ಒಳಗೆ ಸೆಳೀತಿದ್ರೆ, ತುಟಿ ನೀಲಿ ಆದ್ರೆ, ಹಾಲು ಬಿಟ್ರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಹಂಗಾದ್ರೆ ಬಸುರಿಯರಿಗೆ ಸ್ಕ್ಯಾನ್ ಮಾಡಿದ್ರೆ ಹೊಟ್ಟೆಲಿರೋ ಮಗುಗೆ? (ಕಡೂರಿಂದ ಒಬ್ರು)

ಉತ್ತರ: ಈ ಥರದ ಪೆಟ್ಟಿಗೆ ಶ್ವಾಸಕೋಶದಲ್ಲಿ ಗಾಳಿ ಇರ್ಬೇಕು. ಹೊಟ್ಟೆಲಿರೋ ಮಗು ಶ್ವಾಸಕೋಶದಲ್ಲಿ ಇರೋದು ದ್ರವ, ಗಾಳಿ ಅಲ್ಲ. ಡಾಕ್ಟ್ರು ಬರೆದ ಸ್ಕ್ಯಾನ್ ಮಾಡಿಸಿ, ಹೆದರಿ ತಪ್ಪಿಸ್ಬೇಡಿ.