ಸಂಪಾದಕರ ಉತ್ತರ: ಸೂರ್ಯ ಸಮುದ್ರದಿಂದ ಹುಟ್ಟುವ ಊರಿಗೆ ಮಗ ಹೊರಟಾಗ

ಕುಮಟಾದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ತಿರುಳು ಇಷ್ಟು. ಮಗ ಉಕ್ರೇನಿನ ಒಡೆಸಾದಲ್ಲಿ ಡಾಕ್ಟರ್ ಓದುತ್ತಿದ್ದ. ಎರಡನೇ ವರ್ಷದಲ್ಲಿ ಯುದ್ಧ ಶುರುವಾಗಿ ಮನೆಗೆ ಓಡಿ ಬಂದ. ಉಳಿದ ಓದನ್ನು ಜಾರ್ಜಿಯಾದಲ್ಲಿ ಮುಗಿಸಿದ. ಆದರೆ ಡಿಗ್ರಿ ಕೊಡುವುದು ಒಡೆಸಾದ ವಿಶ್ವವಿದ್ಯಾಲಯವೇ. ಕೊನೆಯ ಪರೀಕ್ಷೆಗೆ, ಸರ್ಟಿಫಿಕೇಟಿಗೆ ಎರಡು ತಿಂಗಳು ಅಲ್ಲಿಗೆ ಹೋಗಬೇಕು ಅನ್ನುತ್ತಿದ್ದಾನೆ. "ಕಳಿಸಲಾ, ಬೇಡವಾ? ಎಲ್ಲಿರಬೇಕು, ಏನು ತಿನ್ನಬೇಕು? ಹಿಡಿದು ಸೈನ್ಯಕ್ಕೆ ಸೇರಿಸಿಬಿಟ್ಟರೆ? ನಮಗೆ ಸಮುದ್ರ ಹೊಸದಲ್ಲ, ಅದೊಂದೇ ಧೈರ್ಯ. ದಾಳಿಯ ಎಚ್ಚರಿಕೆ ಕೊಡುವ ಸೈರನ್ ಆಪ್ ನನ್ನ ಮೊಬೈಲಿಗೂ ಹಾಕಿಕೊಳ್ಳಲಾ?"

ಅಕ್ಕಾ, ಆ ಸಮುದ್ರದ ಧೈರ್ಯದಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಮೊದಲು ಬಿಡಬೇಕಾದದ್ದು ಅದನ್ನೇ.

2018ರ ಸೆಪ್ಟೆಂಬರಿನಲ್ಲಿ ತಂಗಿಯ ಮಗನನ್ನು ಕಾಲೇಜಿಗೆ ಸೇರಿಸಲು ಹೋಗಿ ನಾನು ಹದಿನೆಂಟು ದಿನ ಒಡೆಸಾದಲ್ಲಿದ್ದೆ. ಮೊದಲ ಸಂಜೆ ಸೂರ್ಯಾಸ್ತ ನೋಡೋಣ ಅಂತ ಬೀಚಿಗೆ ಹೋಗಿ ಕೂತೆ. ಸೂರ್ಯ ನನ್ನ ಬೆನ್ನ ಹಿಂದೆ ಮನೆಗಳ ಸಾಲಿನಲ್ಲಿ ಮುಳುಗಿಬಿಟ್ಟ. ಅಲ್ಲಿ ಸಮುದ್ರ ಇರುವುದು ಪೂರ್ವಕ್ಕೆ. ಸೂರ್ಯ ನೀರಿನಿಂದ ಹುಟ್ಟುತ್ತಾನೆ. ಉಬ್ಬರ ಇಳಿತ ಕಣ್ಣಿಗೆ ಬೀಳುವುದೇ ಇಲ್ಲ. ಉಪ್ಪು ನಮ್ಮ ಸಮುದ್ರದ ಅರ್ಧದಷ್ಟು. ಚಳಿ ಜೋರಾದರೆ ದಡದ ನೀರು ಹೆಪ್ಪುಗಟ್ಟುವುದೂ ಉಂಟು.

ಇದು ಶಾಂತಿಕಾಲದ ಮಾತು. 2022ರಿಂದ ಆ ನೀರಿನಲ್ಲಿ ಮೈನ್‌ಗಳಿವೆ, ಅಂದರೆ ತಗುಲಿದರೆ ಸಿಡಿಯುವ ಬಾಂಬುಗಳು. ಬಿರುಗಾಳಿ ಎದ್ದರೆ ಕಟ್ಟು ಕಿತ್ತುಕೊಂಡು ತೇಲಿ ಬರುತ್ತವೆ. 2023ರ ಜೂನ್‌ನಲ್ಲಿ ದ್ನೀಪ್ರೊ ನದಿಯ ಕಖೋವ್ಕಾ ಅಣೆಕಟ್ಟು ಒಡೆದಾಗ ಮನೆಗಳ ಚಾವಣಿ, ಸತ್ತ ದನಕರು, ಅವುಗಳ ಜೊತೆ ಮೈನ್‌ಗಳೂ ಒಡೆಸಾದ ದಡಕ್ಕೆ ಬಂದಿದ್ದವು. ಅದೇ ವರ್ಷದ ಆಗಸ್ಟಿನಿಂದ ಕೆಲವು ಬೀಚ್‌ಗಳನ್ನು, ನೀರಿನಲ್ಲಿ ಬಲೆ ಕಟ್ಟಿ, ಜನರಿಗೆ ಬಿಟ್ಟರು. ನಿಮ್ಮ ಮಗ ಈಜುವುದೇ ಆದರೆ ಹಾಗೆ ಅಧಿಕೃತವಾಗಿ ತೆರೆದ ಕಡೆ ಮಾತ್ರ ಈಜಲಿ. ಗಾಳಿ ಎದ್ದ ದಿನ ಬೇಡ, ಸೈರನ್ ಕೂಗುವಾಗ ಬೇಡ. ಮರಳಿನಲ್ಲಿ ಗುರುತಾಗದ ವಸ್ತು ಕಂಡರೆ ಕಾಲಲ್ಲಿ ಒದ್ದು ನೋಡುವುದು ಬೇಡ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು 101ಕ್ಕೆ ಫೋನ್ ಮಾಡಬೇಕು. ಕರಾವಳಿಯ ಹುಡುಗರಿಗೆ ನೀರು ಕಂಡರೆ ಕಾಲು ನಿಲ್ಲುವುದಿಲ್ಲ, ಅದಕ್ಕೇ ಇಷ್ಟು ಬಿಡಿಸಿ ಹೇಳಿದ್ದು.

ಇನ್ನು, ಕಳಿಸಲಾ ಬೇಡವಾ ಅನ್ನುವ ಪ್ರಶ್ನೆ. ನಿಮ್ಮ ಪತ್ರದಲ್ಲಿ "ಹೋಗಬೇಕಂತೆ" ಅಂತ ಇದೆ. ಆ "ಅಂತೆ" ನನಗೆ ಸಮಾಧಾನ ಕೊಡಲಿಲ್ಲ. ಯಾರು ಹೇಳಿದ್ದು? ಏಜೆಂಟಾ, ಗೆಳೆಯರಾ, ವಿಶ್ವವಿದ್ಯಾಲಯವಾ? ಡಾಕ್ಟರ್ ಓದಿನ ಕೊನೆಗೆ ಬರುವ ಕ್ರೋಕ್ 2 ಅನ್ನುವ ಪರೀಕ್ಷೆಗೆ ಅಲ್ಲೇ ಕೂರಬೇಕಾ, ಡಿಪ್ಲೊಮಾವನ್ನು ಬೇರೆಯವರು ಅಧಿಕಾರಪತ್ರ ತೋರಿಸಿ ತರಬಹುದಾ ಅಂತ ವಿಶ್ವವಿದ್ಯಾಲಯದಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. 2022ರ ಸೆಪ್ಟೆಂಬರಿನಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ ಬೇರೆ ದೇಶದಲ್ಲಿ ಓದು ಮುಂದುವರಿಸಲು ಒಪ್ಪಿಗೆ ಕೊಟ್ಟಾಗಲೇ, ಡಿಗ್ರಿ ಮಾತ್ರ ಮೂಲ ವಿಶ್ವವಿದ್ಯಾಲಯದ್ದು ಎಂದಿತ್ತು. ಹಾಗಾಗಿ ಮಗ ಹೇಳುವುದು ಸುಳ್ಳಿರಲಿಕ್ಕಿಲ್ಲ. ಆದರೂ ಒಂದು ಕಾಗದದಿಂದ ಆಗುವ ಕೆಲಸಕ್ಕೆ ಜೀವ ಪಣಕ್ಕಿಟ್ಟು ಯಾಕೆ ಹೋಗಬೇಕು? 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹುಡುಗ ತೀರಿಕೊಂಡದ್ದನ್ನು ನೀವೂ ಬರೆದಿದ್ದೀರಿ. ಅವನು ಯಾವ ಸಾಹಸಕ್ಕೂ ಹೋದವನಲ್ಲ, ತಿನ್ನಲು ಏನಾದರೂ ತರೋಣ ಅಂತ ಹೊರಟವನು.

ಹೋಗುವುದು ಅನಿವಾರ್ಯ ಅಂತ ಖಾತ್ರಿಯಾದರೆ ಒಂದು ಮಾತು. ಅಲ್ಲಿರುವಾಗಲೇ ಡಿಪ್ಲೊಮಾ, ಅಂಕಪಟ್ಟಿ ಎರಡಕ್ಕೂ ಅಪೊಸ್ಟಿಲ್ ಮುದ್ರೆ, ಅಂದರೆ ಕಾಗದ ಬೇರೆ ದೇಶದಲ್ಲೂ ನಡೆಯುವಂತೆ ಸರ್ಕಾರ ಹಾಕುವ ಮುದ್ರೆ, ಹಾಕಿಸಿಕೊಂಡೇ ಬರಲಿ. ಅದಕ್ಕೆಂದೇ ಇನ್ನೊಮ್ಮೆ ಹೋಗುವ ಹಾಗೆ ಆಗಬಾರದು.

ದಾರಿಯ ವಿಷಯ. 2022ರ ಫೆಬ್ರವರಿ 24ರಿಂದ ಉಕ್ರೇನಿನ ಆಕಾಶ ಪ್ರಯಾಣಿಕರ ವಿಮಾನಗಳಿಗೆ ಮುಚ್ಚಿದೆ. ಮಾಲ್ಡೋವಾದ ಕಿಷಿನೌ ತನಕ ವಿಮಾನ, ಅಲ್ಲಿಂದ ಬಸ್ಸು. ಸುಮಾರು 180 ಕಿಲೋಮೀಟರ್. ಬಸ್ಸು ಪಲಾಂಕಾ ಗಡಿಯ ಮೂಲಕ ಹೋಗುತ್ತದಾ ಅಂತ ಕೇಳಿಯೇ ಹತ್ತಲಿ. ಮಾಲ್ಡೋವಾದಿಂದ ಸಿಡಿದು ರಷ್ಯಾದ ಬೆಂಬಲದಲ್ಲಿರುವ ಟ್ರಾನ್ಸ್‌ನಿಸ್ಟ್ರಿಯಾ ಅನ್ನುವ ತಂಟೆಯ ಪಟ್ಟಿಯೊಂದು ನಡುವೆ ಇದೆ, ಅದನ್ನು ತಪ್ಪಿಸುವ ದಾರಿ ಅದು. ನನ್ನ ಸೋದರಳಿಯ 2022ರಲ್ಲಿ ಹೊರಬಿದ್ದದ್ದೂ ಪಲಾಂಕಾದಿಂದಲೇ, ಮುಂದೆ ಬುಕಾರೆಸ್ಟ್‌ನಲ್ಲಿ ವಿಮಾನ ಹತ್ತಿದ. ಇನ್ನೊಂದು ದಾರಿ ಪೋಲೆಂಡಿನ ಪ್ಶೆಮಿಶಲ್‌ನಿಂದ ರೈಲು. ಯಾವುದೇ ಆಗಲಿ, ನಡುವಿನ ದೇಶದ ವೀಸಾ ಎರಡು ಸಲ ಒಳಹೋಗಲು ಬಿಡುವಂಥದ್ದಾಗಿರಬೇಕು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಇದನ್ನು ಮರೆತು ಒಡೆಸಾದಲ್ಲಿ ಸಿಕ್ಕಿಕೊಂಡವರಿದ್ದಾರೆ. ವಿಮೆ ಮಾಡಿಸುವಾಗ "ಯುದ್ಧದ ಗಾಯಕ್ಕೂ ಅನ್ವಯ" ಅಂತ ಬರೆದಿದೆಯಾ ನೋಡಿ. ಮಾಮೂಲಿ ಪ್ರವಾಸ ವಿಮೆಯಲ್ಲಿ ಅದು ಇರುವುದಿಲ್ಲ. ಕೀವ್‌ನ ನಮ್ಮ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಲಿ. 2022ರ ಅಕ್ಟೋಬರಿನಲ್ಲಿ ಇದೇ ಕಚೇರಿ ಭಾರತೀಯರು ಉಕ್ರೇನ್ ಬಿಟ್ಟು ಹೊರಡಿ ಎಂದು ಹೇಳಿತ್ತು, ಅದೂ ನೆನಪಿರಲಿ.

ಮನೆ ಹುಡುಕುವಾಗ ಹುಡುಗರು ಸಮುದ್ರ ಕಾಣುವ ಬಾಲ್ಕನಿ, ಎತ್ತರದ ಮಹಡಿ ಅಂತ ಆಸೆಪಡುತ್ತಾರೆ. ಈಗ ಅದೇ ಕೆಟ್ಟ ಆಯ್ಕೆ. ಮೂರನೇ ಮಹಡಿಯ ಒಳಗೇ ಇರಲಿ. ಕರೆಂಟು ಹೋದರೆ ಲಿಫ್ಟ್ ನಿಲ್ಲುತ್ತದೆ, ಪಂಪೂ ನಿಂತು ಮೇಲಿನ ಮಹಡಿಗಳಿಗೆ ನೀರು ಏರುವುದಿಲ್ಲ. ಕರೆಂಟು ಹೋಗುವುದು ಅಂದರೆ ನಮ್ಮ ಮಳೆಗಾಲದಂತೆ ಒಂದು ತಾಸಿನ ಮಾತಲ್ಲ. 2022ರ ಡಿಸೆಂಬರಿನಲ್ಲಿ ಡ್ರೋನ್ ದಾಳಿಯಾದ ಮೇಲೆ ಒಡೆಸಾ ಪ್ರಾಂತ್ಯದಲ್ಲಿ 15 ಲಕ್ಷಕ್ಕೂ ಜಾಸ್ತಿ ಜನ ಕತ್ತಲಲ್ಲಿದ್ದರು. ಹಾಗಾಗಿ ಗ್ಯಾಸ್ ಒಲೆ ಇರುವ ಮನೆ ಒಳ್ಳೆಯದು. ಎರಡು ಬಕೆಟ್ ನೀರು ಯಾವಾಗಲೂ ತುಂಬಿಟ್ಟಿರಲಿ, ಪವರ್ ಬ್ಯಾಂಕ್ ಎರಡಿರಲಿ. ಕುಡಿಯಲು ನಲ್ಲಿ ನೀರು ಬೇಡ. ಊರಿನಲ್ಲಿ ಅಲ್ಲಲ್ಲಿ "ಬ್ಯುವೆಟ್" ಅನ್ನುವ ಕಟ್ಟೆಗಳಿವೆ, ಆಳದ ಕೊಳವೆಬಾವಿ ನೀರು ಬರುತ್ತದೆ. ಜನ ಕ್ಯಾನ್ ಹಿಡಿದು ಸಾಲು ನಿಂತಿರುತ್ತಾರೆ.

ಬಂದರಿನ ಹತ್ತಿರದ ಮನೆ ಬಾಡಿಗೆ ಕಡಿಮೆ ಅಂತ ಯಾರಾದರೂ ತೋರಿಸಿದರೆ ಬೇಡ ಅನ್ನಲಿ. ಉಕ್ರೇನಿನ ಧಾನ್ಯವನ್ನು ಸಮುದ್ರದಲ್ಲಿ ಸಾಗಿಸಲು ರಷ್ಯಾ ಬಿಟ್ಟಿದ್ದ ಒಪ್ಪಂದ 2023ರ ಜುಲೈನಲ್ಲಿ ಮುರಿದುಬಿದ್ದ ಮೇಲೆ ದಾಳಿ ಜಾಸ್ತಿ ನಡೆದದ್ದು ಬಂದರುಗಳ ಮೇಲೆ. ಅದೇ ತಿಂಗಳು ಊರ ನಡುವಿನ ದೊಡ್ಡ ಕೆಥೆಡ್ರಲ್‌ಗೂ ಕ್ಷಿಪಣಿ ಬಿತ್ತು. ಆ ಹಳೆಯ ಊರನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿ ಆಗ ಬರೀ ಆರು ತಿಂಗಳಾಗಿತ್ತು. ಪೂರ್ತಿ ಸುರಕ್ಷಿತ ಅನ್ನುವ ಜಾಗ ಅಲ್ಲಿಲ್ಲ ಅಕ್ಕಾ, ಅಪಾಯ ಕಡಿಮೆ ಇರುವ ಜಾಗ ಇದೆ ಅಷ್ಟೆ.

ಸೈರನ್ ಕೂಗಿದರೆ ಏನು ಮಾಡಬೇಕು ಅನ್ನುವುದನ್ನು ಮಗನಿಗೆ ಹೋಗುವ ಮೊದಲೇ ಬಾಯಿಪಾಠ ಮಾಡಿಸಿ. "ಉಕ್ರಿತ್ಯಾ" ಅಂದರೆ ಆಶ್ರಯ. ಗೋಡೆಯ ಮೇಲೆ ಬಾಣದ ಗುರುತಿನ ಜೊತೆ ಬರೆದಿರುತ್ತಾರೆ. ಮನೆ ನೋಡುವ ದಿನವೇ ಹತ್ತಿರದ ಉಕ್ರಿತ್ಯಾ ಎಲ್ಲಿದೆ ನೋಡಿಬರಲಿ, ರಾತ್ರಿ ಬೀಗ ಹಾಕುತ್ತಾರಾ ಅಂತಲೂ ಕೇಳಲಿ. ಅಲ್ಲಿಗೆ ಹೋಗುವಷ್ಟು ಸಮಯ ಇಲ್ಲದಿದ್ದರೆ ಎರಡು ಗೋಡೆಯ ಲೆಕ್ಕ: ತನಗೂ ಬಯಲಿಗೂ ನಡುವೆ ಎರಡು ಗೋಡೆ ಇರಬೇಕು, ಕಿಟಕಿ ಇರಬಾರದು. ಮೊದಲ ಗೋಡೆ ಹೊಡೆತ ತಿನ್ನುತ್ತದೆ, ಎರಡನೆಯದು ಚೂರುಗಳನ್ನು ತಡೆಯುತ್ತದೆ. ಸಾಮಾನ್ಯವಾಗಿ ಮನೆಯ ನಡುವಿನ ನಡೆದಾರಿಯೇ ಆ ಜಾಗ. ಬಾಡಿಗೆ ಮನೆ ನೋಡುವಾಗ ಅಡುಗೆಮನೆಗಿಂತ ಮೊದಲು ಈ ನಡೆದಾರಿಯನ್ನು ನೋಡಬೇಕು. ರಷ್ಯಾ ಹಿಡಿದಿಟ್ಟುಕೊಂಡಿರುವ ಕ್ರಿಮಿಯಾ ಕಡೆಯಿಂದ ಬರುವ ಕೆಲವು ಕ್ಷಿಪಣಿಗಳಿಗೆ ಕೆಲವೇ ನಿಮಿಷ ಸಾಕು. ಅಲ್ಲಿಯ ಜನ ಸೈರನ್‌ಗೆ ಒಗ್ಗಿಹೋಗಿ ಕಾಫಿ ಕುಡಿಯುತ್ತಾ ಕೂತಿರುವುದನ್ನು ನಿಮ್ಮ ಮಗ ನೋಡುತ್ತಾನೆ. ಅವರನ್ನು ನೋಡಿ ಕಲಿಯುವಂಥದ್ದು ಬೇರೆ ಬೇಕಾದಷ್ಟಿದೆ, ಇದೊಂದನ್ನು ಕಲಿಯುವುದು ಬೇಡ.

ನಿಮ್ಮ ದೊಡ್ಡ ಭಯಕ್ಕೆ ಉತ್ತರ: ವಿದೇಶಿಯರನ್ನು ಅಲ್ಲಿ ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುವ ಕಾನೂನಿಲ್ಲ. ಆದರೆ ಪ್ರಾಯದ ಗಂಡಸರನ್ನು ರಸ್ತೆಯಲ್ಲಿ ತಡೆದು ಕಾಗದಪತ್ರ ಕೇಳುತ್ತಾರೆ. ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಫೋಟೊ ತೋರಿಸಿದರೆ ಸಾಲದು, ಮೂಲವೇ ಬೇಕು. ದುಡ್ಡಿನ ಆಸೆ ತೋರಿಸಿ ಯಾವ ಭಾಷೆಯ ಕಾಗದಕ್ಕೆ ಸಹಿ ಕೇಳಿದರೂ ಹಾಕಬಾರದು. ಸೆಕ್ಯುರಿಟಿ ಕೆಲಸ ಅಂತ ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಹುಡುಗರು ಯುದ್ಧದ ಸಾಲಿಗೆ ಹೋಗಿ ನಿಂತಿದ್ದು 2024ರ ಸುದ್ದಿ.

ಕರ್ಫ್ಯೂ ಮಧ್ಯರಾತ್ರಿ 12ರಿಂದ ಬೆಳಗ್ಗೆ 5ರ ತನಕ. ಹೋದ ಮೇಲೆ ಬದಲಾಗಿದೆಯಾ ಅಂತ ವಿಚಾರಿಸಲಿ. ಹನ್ನೊಂದಕ್ಕೇ ಮನೆ ಸೇರುವುದು ಕ್ಷೇಮ.

ಫೋಟೊ ಬಗ್ಗೆ ಎಚ್ಚರ. ಒಡೆಸಾಕ್ಕೆ ಹೋದವರೆಲ್ಲ ನಿಲ್ಲುವ ಜಾಗ ಪೊಟೆಮ್ಕಿನ್ ಮೆಟ್ಟಿಲಿನ ತುದಿ. 192 ಮೆಟ್ಟಿಲು. ನಾನು ಎಣಿಸುತ್ತಾ ಹತ್ತಿ, ನಡುವೆ ಲೆಕ್ಕ ತಪ್ಪಿ, ಮತ್ತೆ ಎಣಿಸುವ ಉತ್ಸಾಹ ಇಲ್ಲದೆ ಬಿಟ್ಟೆ. ಮೇಲಿನಿಂದ ನೋಡಿದರೆ ಮೆಟ್ಟಿಲೇ ಕಾಣುವುದಿಲ್ಲ, ನಡುನಡುವಿನ ಹಾಸು ಮಾತ್ರ ಕಾಣುತ್ತದೆ. ಕೆಳಗಿನಿಂದ ನೋಡಿದರೆ ಬರೀ ಮೆಟ್ಟಿಲು. 1841ರಲ್ಲಿ ಕಟ್ಟಿ ಮುಗಿಸಿದವರ ಜಾಣತನ ಅದು. ತೊಂದರೆ ಏನೆಂದರೆ ಅಲ್ಲಿಂದ ಕ್ಯಾಮೆರಾ ಎತ್ತಿದರೆ ಚೌಕಟ್ಟಿನ ನಡುವೆ ಬರುವುದೇ ಬಂದರು. ಬಂದರು, ಸೈನಿಕರು, ತಪಾಸಣೆ ಠಾಣೆ, ಡ್ರೋನ್ ಬಿದ್ದ ಕಟ್ಟಡ, ಇವುಗಳ ಚಿತ್ರ ತೆಗೆದು ಹಾಕಿದರೆ ಜೈಲಿಗೆ ಹೋಗುವ ಸಂಭವ ಇದೆ. ಮನೆಯವರ ಗುಂಪಿಗೆ ಕಳಿಸಿದರೂ ಅಷ್ಟೆ. ದಯವಿಟ್ಟು ನೀವೂ "ಅಲ್ಲಿ ಹೇಗಿದೆ, ಒಂದು ವಿಡಿಯೊ ಕಳಿಸು" ಅಂತ ಕೇಳಬೇಡಿ.

ಊಟದ ಬಗ್ಗೆ ನೀವು ಇಷ್ಟು ಚಿಂತೆ ಮಾಡಬೇಕಾಗಿಲ್ಲ. "ಮೀನು ಮೊಟ್ಟೆ ಇಲ್ಲದ ಮನೆ ನಮ್ಮದು" ಅಂದಿದ್ದೀರಿ. "ಪಿಸ್ನಿ" ಅನ್ನುವ ಒಂದು ಪದ ಕಲಿತರೆ ಅನುಕೂಲ, ಮೀನು ಹಾಕಿದ್ದಾರಾ ಅಂತ ಮಾತ್ರ ಕೇಳಬೇಕು. ಕ್ರೈಸ್ತರ ಉಪವಾಸದ ದಿನಗಳ ಅಡುಗೆಗೆ ಅಲ್ಲಿ ಹಾಗನ್ನುತ್ತಾರೆ. ಪಿಸ್ನಿ ಬೋರ್ಷ್ ಅಂದರೆ ಮಾಂಸ ಹಾಕದ ಬೀಟ್‌ರೂಟ್ ಸಾರು. ಆಲೂಗಡ್ಡೆ ಇಲ್ಲವೇ ಎಲೆಕೋಸು ತುಂಬಿದ ವರೆನಿಕಿ ನಮ್ಮ ಮೋದಕದ ಪೆದ್ದ ತಮ್ಮನ ಹಾಗಿರುತ್ತದೆ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತ ಮಾತ್ರ ಕೇಳಬೇಕು. ಬದನೆಕಾಯಿಯನ್ನು ಒಡೆಸಾದವರು "ನೀಲಿ" ಅನ್ನುತ್ತಾರೆ! ಅದನ್ನು ಸುಟ್ಟು, ಈರುಳ್ಳಿ, ಟೊಮೆಟೊ ಹಾಕಿ ಹಿಸುಕುತ್ತಾರೆ. ನಮ್ಮ ಸುಟ್ಟ ಬದನೆಕಾಯಿ ಗೊಜ್ಜೇ ಅದು. ಹಸಿಮೆಣಸು ಮಾತ್ರ ಇರುವುದಿಲ್ಲ. ಕೆಫೀರ್ ಅನ್ನುವ ಹುಳಿ ಹಾಲು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಸೋದರಳಿಯ ಅದರಲ್ಲೇ ಶುಂಠಿ ತಂಬುಳಿ ಮಾಡಿಕೊಂಡು ಉಣ್ಣುತ್ತಿದ್ದ. ತರಕಾರಿಗೆ ರೈಲ್ವೆ ನಿಲ್ದಾಣದ ಪಕ್ಕದ ಪ್ರಿವೋಜ್ ಮಾರುಕಟ್ಟೆ. ಸುಮಾರು ಎರಡು ನೂರು ವರ್ಷ ಹಳೆಯದು, ರುಚಿ ನೋಡಿಯೇ ಕೊಳ್ಳುವ ಪದ್ಧತಿ. ನೀವು ಕಟ್ಟಿಕೊಡಬೇಕಾದ್ದು ಸಾರಿನ ಪುಡಿ, ಹಿಂಗು, ಒಂದಿಷ್ಟು ತೊಗರಿಬೇಳೆ. ಹಿಂಗನ್ನು ಎರಡು ಡಬ್ಬಿಯೊಳಗೆ ಹಾಕಿ, ಮನೆ ಓನರ್‌ಗೆ ಅದರ ವಾಸನೆ ಗೊತ್ತಿರುವುದಿಲ್ಲ.

ಮಾತಿನ ವಿಷಯ ಸ್ವಲ್ಪ ಸೂಕ್ಷ್ಮ. ಒಡೆಸಾ ಹಿಂದಿನಿಂದಲೂ ಜಾಸ್ತಿ ರಷ್ಯನ್ ಮಾತಾಡಿದ ಊರು. ನಿಮ್ಮ ಮಗನಿಗೂ ನಾಲ್ಕು ಮಾತು ಬರುತ್ತಿರಬಹುದು. ಆದರೆ ಈಗ ಮನೆಯಲ್ಲಿ ರಷ್ಯನ್ ಆಡುವವರೇ ಹೊರಗೆ ಉಕ್ರೇನಿಯನ್ ಆಡಲು ಶುರು ಮಾಡಿದ್ದಾರೆ. 2021ರಿಂದ ಅಂಗಡಿ, ಹೋಟೆಲುಗಳಲ್ಲಿ ಮೊದಲ ಮಾತು ಉಕ್ರೇನಿಯನ್‌ನಲ್ಲಿ ಇರಬೇಕು ಅಂತ ಕಾನೂನೂ ಇದೆ. "ದೊಬ್ರಿ ದೆನ್" ಅಂತ ಶುರು ಮಾಡಿ "ದ್ಯಾಕುಯು" ಅಂತ ಮುಗಿಸಿದರೆ ನಡುವೆ ಏನು ತಡವರಿಸಿದರೂ ಯಾರೂ ಬೇಸರ ಮಾಡುವುದಿಲ್ಲ. ಬೆಂಗಳೂರಿಗೆ ಬಂದವರು "ಸ್ವಲ್ಪ ಸ್ವಲ್ಪ" ಅಂದರೆ ನಮಗೂ ಖುಷಿಯಾಗುತ್ತದಲ್ವಾ, ಹಾಗೆ. ಊರ ಹೆಸರನ್ನು ಬರೆಯುವಾಗಲೂ ಒಂದೇ "ಸ". ಎರಡು ಬರೆಯುವುದು ರಷ್ಯನ್ ರೂಢಿ.

ಯಾರಾದರೂ ಮನೆಗೆ ಕರೆದರೆ ಚಪ್ಪಲಿ ಬಾಗಿಲ ಬಳಿಯೇ ಬಿಡಬೇಕು, ಅದು ನಮ್ಮಂತೆಯೇ. ಹೂವು ಒಯ್ದರೆ ಬೆಸ ಸಂಖ್ಯೆ. ನಾನು ಮನೆಯೊಡತಿಗೆ ಹತ್ತು ಗುಲಾಬಿ ಒಯ್ದಿದ್ದೆ. ಆಕೆ ನಕ್ಕು, ಒಂದನ್ನು ತೆಗೆದು ನನ್ನ ಕೈಗೇ ಕೊಟ್ಟರು. ಸಮ ಸಂಖ್ಯೆಯ ಹೂವು ಸತ್ತವರಿಗಂತೆ. ನಾವು ಮುಯ್ಯಿಗೆ ನೂರರ ಮೇಲೊಂದು ರೂಪಾಯಿ ಇಡುವುದು ನೆನಪಾಯಿತು.

ದುಡ್ಡಿನಲ್ಲಿ ಮೋಸ ಹೋದ ಕಥೆ ನನ್ನದೂ ಒಂದಿದೆ. ಹಣ ಬದಲಿಸುವ ಒಂದು ಗೂಡಂಗಡಿಯ ಹಲಗೆಯಲ್ಲಿ ದರ ಚೆನ್ನಾಗಿತ್ತು. ಡಾಲರ್ ಕೊಟ್ಟೆ. ಕೈಗೆ ಬಂದ ಹ್ರಿವ್ನಿಯಾ, ಅಂದರೆ ಅಲ್ಲಿಯ ದುಡ್ಡು, ಕಡಿಮೆ. ಹಲಗೆಯ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ, ಆ ದರ ದೊಡ್ಡ ಮೊತ್ತಕ್ಕೆ ಮಾತ್ರ ಅಂತ ಇತ್ತಂತೆ. ಬ್ಯಾಂಕಿನ ಒಳಗೆ ಹೋಗಿಯೇ ಬದಲಿಸಲಿ. ಟ್ಯಾಕ್ಸಿಗೆ ಬೋಲ್ಟ್, ಉಕ್ಲೋನ್ ಆಪ್‌ಗಳಿವೆ. ರಸ್ತೆಯಲ್ಲಿ ಯಾರಾದರೂ ನೋಟಿನ ಕಟ್ಟು ಬೀಳಿಸಿಕೊಂಡು ಹೋದರೆ ಎತ್ತಿಕೊಡುವ ಪುಣ್ಯ ಬೇಡ, ಸುಮ್ನೆ ನಡೆದುಬಿಡಲಿ.

ಕೊನೆಗೆ ಆಪ್ ವಿಷಯ. ಮಗನ ಮೊಬೈಲಿನಲ್ಲಿ ಅದು ಇರಲೇಬೇಕು, ಜೋರು ದನಿಯಲ್ಲಿ. ನಿಮ್ಮ ಮೊಬೈಲಿಗೆ ಬೇಡ. ಸೋದರಳಿಯನ ಅಲ್ಲಿಯ ಗೆಳೆಯರಿಗಾಗಿ ನನ್ನ ತಂಗಿ ಹಾಕಿಕೊಂಡಿದ್ದಳು. ಅದು ರಾತ್ರಿ ಎರಡಕ್ಕೆ ಕೂಗಿದರೆ ಹಾಸಿಗೆಯ ಮೇಲೆ ಎದ್ದು ಕೂರುತ್ತಿದ್ದಳು, ಫೋನ್ ಮಾಡುತ್ತಿದ್ದಳು. ಆ ಹುಡುಗರು ಮೆಟ್ಟಿಲು ಇಳಿದು ಓಡಬೇಕಾದ ಹೊತ್ತಿನಲ್ಲಿ ಇವಳ ಫೋನ್ ಎತ್ತಿ "ಹುಷಾರಾಗಿದ್ದೇವೆ ಆಂಟಿ" ಅನ್ನುತ್ತಾ ನಿಲ್ಲುತ್ತಿದ್ದರು. ನೀವು ಮಗನ ಜೊತೆ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಅಲ್ಲಿ ಬೆಳಗ್ಗೆ 5ಕ್ಕೆ ಕರ್ಫ್ಯೂ ಮುಗಿಯುವಾಗ ನಮ್ಮಲ್ಲಿ ಚಳಿಗಾಲದಲ್ಲಿ ಎಂಟೂವರೆ, ಬೇಸಿಗೆಯಲ್ಲಿ ಏಳೂವರೆ. ಅಷ್ಟರೊಳಗೆ ಅವನೇ ಒಂದು ಸಾಲು ಕಳಿಸಲಿ. ಅಲ್ಲಿಯ ತನಕ ನೀವು ಫೋನ್ ಮಾಡಬೇಡಿ.