ಬೀರು ತುಂಬ ಕ್ಯಾಂಪಿನ ಬಟ್ಟೆ: ಒಂದು ಆಪ್ತಸಲಹೆ ಪ್ರಕರಣ

ಮಡಿಕೇರಿ ತಾಲ್ಲೂಕಿನ ಒಂದು ಮನೆಯ ಅತ್ತೆ, ಸೊಸೆ ಜುಲೈ ತಿಂಗಳ ಜೋರು ಮಳೆಯಲ್ಲಿ ನನ್ನ ಹತ್ತಿರ ಬಂದರು. ಅತ್ತೆಯನ್ನು ಇಲ್ಲಿ ಲಲಿತಕ್ಕ ಅಂತ ಕರೆಯುತ್ತೇನೆ. ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಮೊದಲು ಮಾತಾಡಿದ್ದು ಸೊಸೆ. "ಮೇಡಂ, ಅತ್ತೆಯ ಬೀರು ತೆಗೆದರೆ ಬಟ್ಟೆ ಮೈಮೇಲೆ ಬೀಳುತ್ತೆ. ಎಲ್ಲದಕ್ಕೂ ಬೂಷ್ಟು ಹಿಡಿದಿದೆ. ಮಗುವಿಗೆ ವೀಸಿಂಗ್ ಬೇರೆ. ಒಂದು ಚಿಂದಿ ಬಿಸಾಡೋಕೂ ಬಿಡಲ್ಲ." ಅತ್ತೆ ತವರಿಗೆ ಹೋಗಿದ್ದಾಗ ಇವರು ಒಂದು ಮೂಟೆ ಬಟ್ಟೆ ತೆಗೆದು ಕಸದ ಗಾಡಿಗೆ ಹಾಕಿಬಿಟ್ಟಿದ್ದರು. ಅವತ್ತಿನಿಂದ ಲಲಿತಕ್ಕ ಮಾತು ಬಿಟ್ಟಿದ್ದರು. ಊಟವೂ ಅಷ್ಟಕ್ಕಷ್ಟೆ.

ಸೊಸೆಯನ್ನು ಹೊರಗೆ ಕೂರಿಸಿ ಲಲಿತಕ್ಕನ ಜೊತೆ ಮಾತಾಡಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು 2018ರ ಆಗಸ್ಟ್ ಕಥೆ. ಆ ತಿಂಗಳ 15ರ ಆಸುಪಾಸಿನಲ್ಲಿ ಮಕ್ಕಂದೂರು, ಜೋಡುಪಾಲ, ಮದೆನಾಡು, ಹಟ್ಟಿಹೊಳೆ ಕಡೆ ಗುಡ್ಡಗಳು ಜರಿದವು ಅಲ್ವಾ, ಆಗ ಇವರ ಮನೆಯೂ ಹೋಯಿತು. ಉಟ್ಟ ಸೀರೆಯಲ್ಲೇ ಓಡಿದ್ದರು. ಮದುವೆ ಸೀರೆ, ಅಮ್ಮ ಕೊಟ್ಟ ಸೀರೆ, ಎಲ್ಲಾ ಮಣ್ಣಿನ ಅಡಿ. ಪರಿಹಾರ ಕೇಂದ್ರಕ್ಕೆ ರಾಜ್ಯದ ಎಲ್ಲೆಲ್ಲಿಂದಲೋ ಲಾರಿಗಟ್ಟಲೆ ಬಟ್ಟೆ ಬಂತು. ಯಾರು ಏನು ಕೊಟ್ಟರೂ ತೆಗೆದುಕೊಂಡರು. ಈಗಿರುವುದು ಸರ್ಕಾರ ಕಟ್ಟಿಸಿಕೊಟ್ಟ ಮನೆ. ಬೀರು ತುಂಬ ಇರುವುದು ಆ ಬಟ್ಟೆ.

ಮನೆಗೆ ಹೋಗಿ ನೋಡಿದೆ. ಬಾಗಿಲು ಮುಚ್ಚಲಾಗದೆ ಹಿಡಿಗಳಿಗೆ ಹಳೆ ಸೀರೆಯ ಅಂಚು ಕಟ್ಟಿದ್ದರು. ಒಳಗೆ ಪ್ಯಾಕ್ ಒಡೆಯದ ನೈಟಿಗಳು, ಅವರ ಮನೆಯಲ್ಲಿ ಯಾರಿಗೂ ಆಗದ ಜೀನ್ಸು, ಮಕ್ಕಳ ಸ್ವೆಟರು. ಹಿಂಬದಿ ಗೋಡೆಗೆ ತಾಗಿದ ಬಟ್ಟೆಗಳ ಮೇಲೆ ಬೂದುಬಣ್ಣದ ಚುಕ್ಕೆ. ಒಂದು ಹಸಿರು ಕಾಟನ್ ಸೀರೆ ತೆಗೆದು ಅಂಚು ತೋರಿಸಿದರು. ಅಲ್ಲಿ ದೋಬಿ ಹಾಕಿದ ಶಾಯಿ ಗುರುತು ಇನ್ನೂ ಇತ್ತು. "ಯಾರ ಮನೆ ಸೀರೆಯೋ ಏನೋ. ಆವತ್ತು ನನ್ನ ಮಾನ ಮುಚ್ಚಿದ್ದು ಇದು. ಇದನ್ನ ಕಸಕ್ಕೆ ಹಾಕ್ಲಾ? ನಾಳೆ ಮತ್ತೆ ಓಡೋ ಹಾಗೆ ಆದ್ರೆ ಉಡೋಕೆ ಏನಿದೆ?"

ಈ ಭಯವನ್ನು ಸುಮ್ನೆ ಭ್ರಮೆ ಅಂತ ತಳ್ಳಿಹಾಕುವವರು ಕೊಡಗಿನ ಮಳೆ ನೋಡಿಲ್ಲ. 2019ರಲ್ಲಿ ವಿರಾಜಪೇಟೆ ಕಡೆಯ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ. ಎರಡೂ ಆಗಸ್ಟ್‌ನಲ್ಲೇ ಜರಿದದ್ದು. ಹಾಗಾಗಿ "ಇನ್ನೇನೂ ಆಗಲ್ಲ ಅಕ್ಕ" ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ಅದು ಸುಳ್ಳು ಭರವಸೆ ಆಗುತ್ತಿತ್ತು.

ಇದು ಕಾಯಿಲೆಯೇ ಅಂತಲೂ ನೋಡಬೇಕಿತ್ತು. ವಸ್ತುಗಳನ್ನು ಬಿಡಲಾಗದೆ ಮನೆಯೆಲ್ಲಾ ತುಂಬಿಸುವ ಹೋರ್ಡಿಂಗ್ ಅನ್ನುವ ತೊಂದರೆ ಇದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಪ್ರತ್ಯೇಕ ಕಾಯಿಲೆ ಅಂತ ಸೇರಿಸಿತು. ಅಂಥವರು ಮಲಗುವ ಮಂಚ, ಅಡುಗೆಕಟ್ಟೆ ಕೂಡ ಬಳಸಲಾಗದಂತೆ ಸಾಮಾನು ಪೇರಿಸಿರುತ್ತಾರೆ. ಲಲಿತಕ್ಕನ ಅಡುಗೆಮನೆ ಅಚ್ಚುಕಟ್ಟು. ಬೇರೆ ಯಾವುದನ್ನೂ ಕೂಡಿಟ್ಟಿಲ್ಲ. ಬಟ್ಟೆ ಮಾತ್ರ, ಅದೂ 2018ರ ನಂತರ. ಆದರೆ ರಾತ್ರಿ ಮಳೆ ಜೋರಾದರೆ ಎದ್ದು ಕೂರುತ್ತಾರೆ, ಬೆಳಗಿನವರೆಗೆ ನಿದ್ದೆ ಇಲ್ಲ. ಅದಕ್ಕೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆ. ಬೀರು ಖಾಲಿ ಮಾಡಿದರೆ ಆ ನಿದ್ದೆ ವಾಪಸ್ ಬರುವುದಿಲ್ಲ. ಇಂಥ ತೊಂದರೆ ಇರುವವರು ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಸೊಸೆಗೆ ಮೊದಲು ಹೇಳಿದ್ದು, ಅತ್ತೆ ಇಲ್ಲದಾಗ ಬೀರು ಮುಟ್ಟಬೇಡಿ. ಮೂಟೆ ಎಸೆದದ್ದಕ್ಕೆ ಕ್ಷಮೆ ಕೇಳಿ. ಎಲ್ಲಾ ಒಂದೇ ರಾತ್ರಿ ಕಳೆದುಕೊಂಡವರಿಗೆ, ಹೇಳದೆ ಕೇಳದೆ ಮತ್ತೊಮ್ಮೆ ಕಳೆದುಹೋಗುವುದು ಬಹಳ ದೊಡ್ಡ ಏಟು. ಅವರು ಅಲ್ಲೇ ಅತ್ತೆಯ ಕೈ ಹಿಡಿದು ಕೇಳಿದರು. ಮಗುವಿನ ಉಸಿರಾಟಕ್ಕೆ ಬೂಷ್ಟು ನಿಜಕ್ಕೂ ಕೆಟ್ಟದ್ದು ಅಂತ ಲಲಿತಕ್ಕನಿಗೂ ಹೇಳಿದೆ. ಸೊಸೆಯ ಆತಂಕವೂ ಸಣ್ಣದಲ್ಲ. ಮಗುವಿನ ಹಾಸಿಗೆಯನ್ನು ಅವತ್ತೇ ಬೇರೆ ರೂಮಿಗೆ ಹಾಕಿದರು.

ಆಮೇಲೆ ಓಡುವ ಬ್ಯಾಗ್, ಅಂದರೆ ಮನೆ ಬಿಟ್ಟು ಓಡಬೇಕಾದರೆ ಹಿಡಿದುಕೊಳ್ಳಲು ತುಂಬಿಟ್ಟ ಬ್ಯಾಗ್. ಇಡೀ ಬೀರು ಹೊತ್ತಿದ್ದ ಭಯವನ್ನು ಒಂದು ಬ್ಯಾಗಿಗೆ ಇಳಿಸುವುದು ನನ್ನ ಉದ್ದೇಶ. ಮನೆಯ ಪ್ರತಿಯೊಬ್ಬರಿಗೂ ಎರಡು ಜೊತೆ ಬಟ್ಟೆ, ಒಂದು ಸ್ವೆಟರ್. ಟಾರ್ಚು, ಮಾತ್ರೆ, ಮಗುವಿನ ಇನ್‌ಹೇಲರ್, ಚಾರ್ಜರ್, ಸ್ವಲ್ಪ ದುಡ್ಡು. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ಜೆರಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ. ಬಟ್ಟೆಯನ್ನು ಲಲಿತಕ್ಕನೇ ಆರಿಸಿದರು, ಹಸಿರು ಸೀರೆ ಮೊದಲು ಒಳಗೆ ಹೋಯಿತು. ಬ್ಯಾಗನ್ನು ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದರು. "ಹೊರಡಬೇಕಾದರೆ ಏನು ತಗೊಳ್ಳೋದು ಅಂತ ಈಗ ಗೊತ್ತು," ಅಂದರು. ಬೀರು ಆಗಲೂ ತುಂಬಿಯೇ ಇತ್ತು. ಅದಕ್ಕೆ ಯಾರೂ ಅವಸರ ಮಾಡಲಿಲ್ಲ.

ಮಳೆಗಾಲದಲ್ಲಿ ಬೀರು ಖಾಲಿ ಮಾಡಲು ಹೋಗಬಾರದು. ತೆಗೆದ ಬಟ್ಟೆ ಒಣಗದೆ ಇನ್ನಷ್ಟು ಹಾಳಾಗುತ್ತದೆ. ನವೆಂಬರ್-ಡಿಸೆಂಬರಿನ ಹುತ್ತರಿ ಹಬ್ಬ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಶುರುಮಾಡಿದೆವು. ದಿನಕ್ಕೆ ಒಂದೇ ಖಾನೆ, ಅರ್ಧ ಗಂಟೆಗಿಂತ ಜಾಸ್ತಿ ಬೇಡ. ಕ್ಯಾಂಪಿನ ಬಟ್ಟೆ ಕೊನೆಗೆ. ಮೊದಲು ಟವೆಲು, ಬೆಡ್‌ಶೀಟು, ಹರಿದ ಪೆಟ್ಟಿಕೋಟು. ಬೂಷ್ಟು ಹಿಡಿದದ್ದನ್ನು ಮಗುವಿನಿಂದ ದೂರ, ಅಂಗಳದಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಬ್ರಷ್ ಮಾಡಿ, ತೊಳೆದು ಬಿಸಿಲಿಗೆ ಹಾಕುವುದು.

"ಬೇಕಾ, ಬೇಡ್ವಾ" ಅಂತ ಕೇಳಿದರೆ ಲಲಿತಕ್ಕ ಎಲ್ಲಾ ಬೇಕು ಅನ್ನುತ್ತಿದ್ದರು. ಅದರ ಬದಲು ಎರಡು ಪ್ರಶ್ನೆ ಕೊಟ್ಟೆ. ಇದು ಮನೆಯಲ್ಲಿ ಯಾರ ಮೈಗೆ ಆಗುತ್ತೆ? ಜುಲೈನಲ್ಲಿ ಒಗೆದರೆ ಒಣಗುತ್ತಾ? ಎರಡನೇ ಪ್ರಶ್ನೆ ನಮ್ಮ ಕಡೆಗೇ ಹೇಳಿ ಮಾಡಿಸಿದ್ದು. ದಪ್ಪ ಜೀನ್ಸು, ಭಾರದ ಕಂಬಳಿ ಅಲ್ಲೇ ಆಚೆ ಬಂದವು. ಯಾರಿಗಾದರೂ ಆಗುವಂಥದ್ದನ್ನು ತೋಟದ ಲೈನ್‌ಮನೆಗಳಲ್ಲಿರುವ ಕೂಲಿ ಕುಟುಂಬಗಳಿಗೆ ಕೊಟ್ಟರು. ಕೊಡುವ ಮುಂಚೆ ಲಲಿತಕ್ಕ ಒಂದೊಂದನ್ನೂ ಒಗೆದು, ಗುಂಡಿ ಹೊಲಿದು, ಇಸ್ತ್ರಿ ಹಾಕಿದರು. ಕ್ಯಾಂಪಿನಲ್ಲಿ ತಮಗೆ ಹರಿದ ರವಿಕೆ ಸಿಕ್ಕಿತ್ತಂತೆ. ಆ ಅವಮಾನವನ್ನು ಇನ್ನೊಬ್ಬರಿಗೆ ಕೊಡಲ್ಲ ಅಂದರು. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟದ್ದು ಇದು. ಪಡೆದುಕೊಂಡವರು ಅಂತ ತಲೆ ತಗ್ಗಿಸಿದ್ದವರು ಕೊಡುವವರಾದರು.

ಉಳಿದದ್ದನ್ನು ಜೋಡಿಸುವುದು ಸುಲಭ. ಬೀರುವನ್ನು ಹೊರಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದು, ಕಾಲಿನಡಿ ಇಟ್ಟಿಗೆ ಇಟ್ಟರು. ಗಾಳಿ ಆಡುವಷ್ಟು ಜಾಗ ಬಿಟ್ಟು ತುಂಬಿಸಿದರು. ರೇಷ್ಮೆ ಸೀರೆಯನ್ನು ಪ್ಲಾಸ್ಟಿಕ್ಕಿನಲ್ಲಿ ಇಡದೆ ಹಳೆ ಹತ್ತಿ ಪಂಚೆಯಲ್ಲಿ ಸುತ್ತಬೇಕು. ಆಗಾಗ ಮಡಿಕೆ ಬದಲಿಸದಿದ್ದರೆ ಮಡಿಕೆಯಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು, ಮಗುವಿನ ಕೈಗಂತೂ ಸಿಗಲೇಬಾರದು.

ಕೆಳಗಿನ ಖಾನೆಯನ್ನು ಲಲಿತಕ್ಕ ಇನ್ನೂ ತೆಗೆದಿಲ್ಲ. ಅದು ಹಾಗೇ ಇರಲಿ, ಒಣಗಿದ್ದರೆ ಸಾಕು ಅಂತ ಮನೆಯವರಿಗೆ ಹೇಳಿದ್ದೇನೆ. ಪ್ರತಿ ಮೇ ತಿಂಗಳು ಓಡುವ ಬ್ಯಾಗ್ ಬಿಚ್ಚಿ ಮಾತ್ರೆಗಳ ತಾರೀಕು ನೋಡುವುದು, ಮಗುವಿನ ಬಟ್ಟೆಯ ಅಳತೆ ಬದಲಿಸುವುದು ಅತ್ತೆ, ಸೊಸೆ ಸೇರಿ ಮಾಡಬೇಕಾದ ಕೆಲಸ. ಈ ವರ್ಷದ್ದು ಆಗಿದೆ.